ಮಳೆಗಾಲದ ಮನೆಗೂ ಕ್ಯಾಂಪರ್ ವ್ಯಾನಿಗೂ ಒಂದೇ ಜನರೇಟರ್ ಆದೀತೇ?

ಮುಂಗಾರು ಹತ್ತಿರ ಬಂದಾಗ ಮಲೆನಾಡಿನ ಗೆಳೆಯರು ಕೇಳುವ ಪ್ರಶ್ನೆ ಇತ್ತೀಚೆಗೆ ಬದಲಾಗಿದೆ. ಮೊದಲೆಲ್ಲ "ಯಾವ ಜನರೇಟರ್ ತಗೊಳ್ಳಲಿ?" ಎಂದಷ್ಟೇ ಕೇಳುತ್ತಿದ್ದರು. ಈಗ "ಜನರೇಟರೋ, ಲಿಥಿಯಂ ಪವರ್ ಸ್ಟೇಷನ್ನೋ, ಅಥವಾ ಇರುವ ಇನ್ವರ್ಟರಿಗೇ ಇನ್ನೊಂದು ಬ್ಯಾಟರಿ ಹಾಕಿಸಿಬಿಡಲೋ?" ಎನ್ನುತ್ತಾರೆ (ಪವರ್ ಸ್ಟೇಷನ್ ಎಂದರೆ ಬ್ಯಾಟರಿಯೂ ಇನ್ವರ್ಟರೂ ಒಂದೇ ಪೆಟ್ಟಿಗೆಯಲ್ಲಿರುವ, ಎತ್ತಿ ಒಯ್ಯಬಹುದಾದ ಸಾಧನ). ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ವ್ಯಾನ್ ಒಂದನ್ನ ಕ್ಯಾಂಪರ್ ಮಾಡಿಸ್ತಾ ಇದೀನಿ, ಅದಕ್ಕೂ ಆಗೋ ಹಾಗೆ ಒಂದೇ ತಗೊಂಡ್ರೆ ಆಗಲ್ವಾ?" ಕ್ಯಾಂಪರ್ ಅಂದರೆ ಒಳಗೇ ಮಲಗಿ, ಇದ್ದುಕೊಂಡು ಪ್ರವಾಸ ಹೋಗುವಂತೆ ಸಜ್ಜು ಮಾಡಿದ ಗಾಡಿ.

ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಅದನ್ನು ತೀರ್ಮಾನಿಸುವುದು ಬ್ರ್ಯಾಂಡೂ ಅಲ್ಲ, ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಅಂಕಿಯೂ ಅಲ್ಲ. ನಿಮ್ಮ ಮನೆಯ ಬಾವಿಯ ಪಂಪು, ಮತ್ತು ಒಮ್ಮೆ ಹೋದ ಕರೆಂಟು ನಿಮ್ಮ ಊರಿನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು. ಅಂಗಡಿಗೆ ಹೋಗುವ ಮೊದಲು ಈ ಎರಡನ್ನೂ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲು ಲೆಕ್ಕ

ಬೆಂಗಳೂರಿನಲ್ಲಿ ಕರೆಂಟ್ ಹೋದರೆ ಒಂದೆರಡು ಗಂಟೆ. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ, ಸೋಮವಾರಪೇಟೆ ಕಡೆಯ ಒಳಹಳ್ಳಿಗಳಲ್ಲಿ ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ಕಂಬ ಮುರಿದರೆ, ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ, ದಿನಗಟ್ಟಲೆ ಕತ್ತಲು. ಮೆಸ್ಕಾಂ, ಹೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ಪವರ್‌ಮ್ಯಾನ್‌ಗಳು ಆ ಮಳೆಯಲ್ಲಿ ಕಾಡಿನೊಳಗಿನ ಲೈನ್ ಹುಡುಕಿಕೊಂಡು ಹೋಗಬೇಕು, ಹೊತ್ತು ಹಿಡಿಯುತ್ತದೆ. ಎರಡು ಗಂಟೆಯ ಸಮಸ್ಯೆಗೂ ಮೂರು ದಿನದ ಸಮಸ್ಯೆಗೂ ಪರಿಹಾರ ಒಂದೇ ಆಗಿರುವುದಿಲ್ಲ. ಗಂಟೆಗಳ ಲೆಕ್ಕದಲ್ಲಿ ಹೋಗುವ ಕರೆಂಟಿಗೆ ಬ್ಯಾಟರಿ, ದಿನಗಳ ಲೆಕ್ಕದಲ್ಲಿ ಹೋಗುವುದಕ್ಕೆ ಎಂಜಿನ್. ಮುಂದಿನದೆಲ್ಲ ಇದರ ವಿಸ್ತರಣೆ.

ಎರಡನೆಯದು, ದಿನಕ್ಕೆ ಎಷ್ಟು ಯೂನಿಟ್ ಬೇಕು ಎಂಬ ಲೆಕ್ಕ (ಸಾವಿರ ವ್ಯಾಟ್-ಗಂಟೆ ಸೇರಿದರೆ ಒಂದು ಯೂನಿಟ್). ಮಾಮೂಲಿ ಹಳ್ಳಿಮನೆಯ ಕತ್ತಲೆಯ ದಿನವನ್ನು ತೆಗೆದುಕೊಳ್ಳಿ. 9 ವ್ಯಾಟಿನ ನಾಲ್ಕು ಎಲ್ಇಡಿ ಬಲ್ಬು ಐದು ಗಂಟೆ ಉರಿದರೆ 180 ವ್ಯಾಟ್-ಗಂಟೆ. ವೈಫೈ ರೂಟರ್ ಇಡೀ ದಿನಕ್ಕೆ 240. ಮನೆಯಿಂದಲೇ ಕೆಲಸ ಮಾಡುವವರಿದ್ದರೆ ಲ್ಯಾಪ್‌ಟಾಪಿಗೆ 300. ಫೋನುಗಳಿಗೆ 60, ಎರಡು ಗಂಟೆ ಟಿವಿಗೆ 140, ಚಟ್ನಿ-ಸಾಂಬಾರಿಗೆ ಮಿಕ್ಸಿ ಹತ್ತು ನಿಮಿಷ ತಿರುಗಿದರೆ 125. ಸಿಂಗಲ್ ಡೋರ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 700. ಎಲ್ಲ ಕೂಡಿದರೆ ಒಂದೂ ಮುಕ್ಕಾಲು ಯೂನಿಟ್. ಫ್ರಿಜ್ಜು ಬಿಟ್ಟರೆ ಒಂದೇ ಯೂನಿಟ್. "5 ಕೆವಿಎ ಬೇಕು ಸಾರ್" ಎನ್ನುವ ಎಷ್ಟೋ ಮನೆಗಳ ನಿಜವಾದ ಅಗತ್ಯ ಇಷ್ಟೇ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆಗಳನ್ನು ಈ ಪಟ್ಟಿಗೆ ಸೇರಿಸಲೇಬೇಡಿ. ಬಚ್ಚಲ ಒಲೆ ಇರುವ ಊರಿನಲ್ಲಿ 2,000 ವ್ಯಾಟ್ ಗೀಸರಿಗಾಗಿ ಜನರೇಟರ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೂರನೆಯದು, ಮೋಟಾರು ಶುರುವಾಗುವ ಕ್ಷಣ. ಬಹುಪಾಲು ಜನ ಎಡವುವುದು ಇಲ್ಲೇ. ಒಂದು ಎಚ್‌ಪಿ ಪಂಪು ಓಡುತ್ತಿರುವಾಗ 1,100 ವ್ಯಾಟ್ ಆಸುಪಾಸು ಎಳೆಯುತ್ತದೆ. ಆದರೆ ಸ್ವಿಚ್ ಒತ್ತಿದ ಮೊದಲ ಕ್ಷಣ ಅದರ ಮೂರರಿಂದ ಐದು ಪಟ್ಟು ಕರೆಂಟು ಬೇಡುತ್ತದೆ. ಫ್ರಿಜ್ಜಿನ ಕಂಪ್ರೆಸರ್ರೂ ಹಾಗೆಯೇ. ಓಡುವಾಗ 120 ವ್ಯಾಟ್, ಶುರುವಿನಲ್ಲಿ ಅದರ ಹಲವು ಪಟ್ಟು. ಕ್ಲ್ಯಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು, ಪಂಪಿನ ಒಂದು ವೈರಿಗೆ ಅದನ್ನು ಕಚ್ಚಿಸಿ, ಸ್ವಿಚ್ ಹಾಕಿಸಿ ನೋಡಿ. ಮುಳ್ಳು ಮೇಲಕ್ಕೆ ಚಿಮ್ಮಿ ಮರುಕ್ಷಣವೇ ಐದಾರು ಆಂಪಿಯರ್‌ಗೆ ಇಳಿಯುತ್ತದೆ. ಡಿಜಿಟಲ್ ಮೀಟರಾದರೆ ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಡುವ ಗುಂಡಿ ಒತ್ತಿರಬೇಕು, ಇಲ್ಲವಾದರೆ ಆ ನೆಗೆತ ಕಣ್ಣಿಗೆ ಬೀಳದು. ಆ ನೆಗೆತದಲ್ಲಿ ಕಂಡ ಅತಿ ಹೆಚ್ಚಿನ ಆಂಪಿಯರನ್ನು 230ರಿಂದ ಗುಣಿಸಿ. ಆ ಕ್ಷಣವನ್ನು ಜನರೇಟರ್ ತಾಳಿಕೊಳ್ಳಬೇಕು.

ಇನ್ನುಳಿದ ಮಾನದಂಡಗಳು ನಿಮಗೇ ಗೊತ್ತಿರುವವು: ಸದ್ದು, ತೂಕ, ಇಂಧನ ಎಲ್ಲಿ ಸಿಗುತ್ತದೆ, ರಿಪೇರಿಗೆ ಯಾರಿದ್ದಾರೆ. ಇವುಗಳ ತೂಕ ಮನೆಗೆ ಒಂದು ರೀತಿ, ವ್ಯಾನಿಗೆ ಇನ್ನೊಂದು ರೀತಿ.

ಮಾಮೂಲಿ ಇನ್ವರ್ಟರ್–ಬ್ಯಾಟರಿ

ಇದನ್ನು ಮೊದಲು ಮಾತಾಡಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರ ಮನೆಯಲ್ಲಿ ಆಗಲೇ ಇದೆ. 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನಲ್ಲೂ ಒಂದಿಷ್ಟು ನಷ್ಟ. ಕೈಗೆ ಸಿಗುವುದು 1.2 ಯೂನಿಟ್ ಎಂದು ಹಿಡಿಯಿರಿ. ಮೇಲಿನ ಲೆಕ್ಕಕ್ಕೆ ಹಾಕಿದರೆ, ಫ್ರಿಜ್ಜಿಲ್ಲದೆ ಒಂದು ದಿನ ದಾಟುತ್ತದೆ, ಫ್ರಿಜ್ಜಿದ್ದರೆ ಹದಿನಾರು ಗಂಟೆ. 25 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಇದಕ್ಕೆ ಬೆಲೆಯಲ್ಲಿ ಯಾವುದೂ ಸಾಟಿಯಿಲ್ಲ. ಪಟ್ಟಣದವರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. ಅವರು ಇಲ್ಲಿಗೇ ಓದು ನಿಲ್ಲಿಸಿದರೂ ನಷ್ಟವಿಲ್ಲ.

ಕೊರತೆ ಶುರುವಾಗುವುದು ಎರಡನೆಯ ದಿನ. ಖಾಲಿಯಾದ ಬ್ಯಾಟರಿ ತುಂಬಲು ಕರೆಂಟೇ ಬೇಕು. ಐವತ್ತು-ಅರವತ್ತು ಕಿಲೋ ತೂಗುವ ಆಸಿಡ್ ಬ್ಯಾಟರಿಯನ್ನು ವ್ಯಾನಿಗೆ ಹತ್ತಿಸಿ ಇಳಿಸುವ ಮಾತು ದೂರವೇ ಉಳಿಯಿತು.

ಮಾಡಿಗೆ ಸೋಲಾರ್ ಹಾಕಿಸಿದವರು ಒಂದು ವಿಷಯ ತಿಳಿದಿರಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೆಚ್ಚಾಗಿ ಹಾಕುವುದು ಗ್ರಿಡ್‌ಗೆ ಕಟ್ಟಿದ ವ್ಯವಸ್ಥೆ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಅದೂ ತಾನಾಗಿ ನಿಲ್ಲುತ್ತದೆ. ಕಂಬದ ಮೇಲಿರುವ ಪವರ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಬ್ಯಾಟರಿ ಸೇರಿದ ಹೈಬ್ರಿಡ್ ಇನ್ವರ್ಟರ್ ಇಲ್ಲದೆ ಮಾಡಿನ ಸೋಲಾರ್ ನಿಮ್ಮನ್ನು ಕತ್ತಲಿನಿಂದ ಕಾಪಾಡುವುದಿಲ್ಲ.

ತೆರೆದ ಚೌಕಟ್ಟಿನ ಪೆಟ್ರೋಲ್ ಜನರೇಟರ್

ಮದುವೆ ಮನೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ ದೂರದಿಂದಲೇ ಕೇಳಿಸುವುದು ಇದೇ. ಕಬ್ಬಿಣದ ಪೈಪಿನ ಚೌಕಟ್ಟು, ಒಳಗೆ ಎಂಜಿನ್, ಪಕ್ಕದಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್. ನಮ್ಮ ಕರೆಂಟು 50 ಹರ್ಟ್ಸ್. ಅದನ್ನು ನೇರವಾಗಿ ಹುಟ್ಟಿಸಬೇಕಾದರೆ ಎರಡು ಧ್ರುವದ ಆಲ್ಟರ್ನೇಟರ್ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ಒಂದು ಬಲ್ಬು ಉರಿಸಿದರೂ ಅಷ್ಟೇ ವೇಗ, ಪಂಪು ಹಾಕಿದರೂ ಅಷ್ಟೇ ವೇಗ. ಕಡಿಮೆ ಲೋಡಿನಲ್ಲೂ ಅದು ಪೆಟ್ರೋಲ್ ಕುಡಿಯುವುದಕ್ಕೂ ಸದ್ದು ಇಳಿಯದಿರುವುದಕ್ಕೂ ಇದೇ ಕಾರಣ. ಲೋಡ್ ಏರಿಳಿದಂತೆ ವೋಲ್ಟೇಜೂ ಫ್ರೀಕ್ವೆನ್ಸಿಯೂ ಅಷ್ಟಿಷ್ಟು ತೂಗಾಡುತ್ತವೆ. ಬಲ್ಬು, ಪಂಪು, ಗ್ರೈಂಡರಿಗೆ ತೊಂದರೆಯಿಲ್ಲ; ಲ್ಯಾಪ್‌ಟಾಪಿಗೆ, ಇನ್ವರ್ಟರ್ ಫ್ರಿಜ್ಜಿನ ಬೋರ್ಡಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುವುದಿಲ್ಲ.

ಆದರೂ ಇದನ್ನು ತಳ್ಳಿಹಾಕಬೇಡಿ. ಒಂದೇ ದುಡ್ಡಿಗೆ ಅತಿ ಹೆಚ್ಚು ಕೆವಿಎ ಕೊಡುವುದು ಇದೇ, ಮೋಟಾರು ಶುರುವಾಗುವ ಆ ಕ್ಷಣವನ್ನು ಚೆನ್ನಾಗಿ ತಾಳಿಕೊಳ್ಳುವುದೂ ಇದೇ, ತಾಲ್ಲೂಕು ಕೇಂದ್ರದ ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಕಟ್ಟಬಲ್ಲ. ಒಂದು ಎಚ್‌ಪಿ ಪಂಪಿನಿಂದಲೇ ಕುಡಿಯುವ ನೀರು ಬರಬೇಕು ಎನ್ನುವ ಮನೆಗೆ 3ರಿಂದ 3.5 ಕೆವಿಎಯ ಇಂಥ ಜನರೇಟರ್ ನ್ಯಾಯವಾದ ಆಯ್ಕೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ, ಅದು ಗರಿಷ್ಠ. ಎಡೆಬಿಡದೆ ಕೊಡಬಲ್ಲ ಅಂಕಿ, ಅಂದರೆ ರೇಟೆಡ್, ಅದಕ್ಕಿಂತ ಕಡಿಮೆ ಇರುತ್ತದೆ. ಅದನ್ನೇ ಕೇಳಿ.

ಬೋರ್‌ವೆಲ್ ಇದ್ದು ತ್ರೀ ಫೇಸ್ ಮೋಟಾರಿದ್ದರೆ ಈ ಲೇಖನದ ಯಾವ ಪೆಟ್ರೋಲ್ ಜನರೇಟರೂ ನಿಮಗಲ್ಲ. ಇನ್ನೊಂದು ಕಡೆ, ಗುಡ್ಡದ ಮೇಲಿನ ಅಬ್ಬಿ ನೀರು ಪೈಪಿನಲ್ಲಿ ತಾನೇ ಹರಿದು ಬರುವ ಮನೆಗೆ ಪಂಪಿನ ಚಿಂತೆಯೇ ಇಲ್ಲ. ಅಂಥವರು ಅನಗತ್ಯವಾಗಿ ದೊಡ್ಡದು ಕೊಳ್ಳುವುದನ್ನು ನೋಡಿದಾಗ ಬೇಸರವಾಗುತ್ತದೆ. ತೆರೆದ ಬಾವಿಯಲ್ಲಿ ಮಳೆಗಾಲಕ್ಕೆ ನೀರು ಮೇಲೆಯೇ ಇರುತ್ತದೆಯಲ್ಲ. ಏಳು ಮೀಟರಿನೊಳಗೆ ನೀರು ಸಿಗುವುದಾದರೆ ಪುಟ್ಟ ಪೆಟ್ರೋಲ್ ಪಂಪ್‌ಸೆಟ್ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದೇ ಅಗ್ಗ. ಆಗ ಜನರೇಟರಿನ ಗಾತ್ರ ಅರ್ಧಕ್ಕೆ ಇಳಿಯುತ್ತದೆ.

ಇನ್ವರ್ಟರ್ ಜನರೇಟರ್

ಮನೆಯ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಹುಟ್ಟಿಸಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್ ಮೂಲಕ ಶುದ್ಧ 50 ಹರ್ಟ್ಸ್ ಎಸಿ ಮಾಡಿ ಕೊಡುತ್ತದೆ. ಹಾಗಾಗಿ ಎಂಜಿನ್ ಇಷ್ಟೇ ವೇಗದಲ್ಲಿ ತಿರುಗಬೇಕೆಂಬ ಕಟ್ಟಳೆ ಇಲ್ಲ. ಲೋಡ್ ಕಡಿಮೆಯಾದರೆ ಎಂಜಿನ್ನೂ ನಿಧಾನವಾಗುತ್ತದೆ, ಸದ್ದೂ ಇಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಉದಾಹರಣೆಗೆ ಹೋಂಡಾದ ಇಯು22ಐ ಸರಣಿಯನ್ನು ತೆಗೆದುಕೊಳ್ಳಿ: 121 ಸಿಸಿ ಎಂಜಿನ್, ಗರಿಷ್ಠ 2,200 ವ್ಯಾಟ್, ಎಡೆಬಿಡದೆ 1,800, ತೂಕ 21 ಕಿಲೋ ಆಸುಪಾಸು, 3.6 ಲೀಟರಿನ ಟ್ಯಾಂಕು. ಕಾಲು ಲೋಡಿನಲ್ಲಿ ಒಂದು ಟ್ಯಾಂಕಿಗೆ ಎಂಟು ಗಂಟೆ, ಪೂರ್ತಿ ಲೋಡಿನಲ್ಲಿ ಮೂರು ಗಂಟೆ ಚಿಲ್ಲರೆ. ಸೂಟ್‌ಕೇಸಿನಂತೆ ಒಂದೇ ಕೈಯಲ್ಲಿ ಎತ್ತಬಹುದು. ಇಂಥದೇ ಎರಡನ್ನು ಕೇಬಲ್ ಹಾಕಿ ಜೋಡಿಸಿದರೆ ಶಕ್ತಿ ದುಪ್ಪಟ್ಟು. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ಎಂದು ಕೊಳ್ಳುವ ದಾರಿಯೂ ತೆರೆದಿದೆ. ಯಮಹಾ ಮೊದಲಾದವರೂ ಇದೇ ಬಗೆಯವನ್ನು ಮಾಡುತ್ತಾರೆ.

ಮನೆಗೂ ವ್ಯಾನಿಗೂ ಒಂದೇ ಬೇಕೆನ್ನುವವರಿಗೆ ನಾನು ಬೆರಳು ತೋರಿಸುವುದು ಇದರ ಕಡೆಗೆ, ಆದರೆ ಎರಡು ಷರತ್ತು. ಒಂದು, ಅರ್ಧ ಎಚ್‌ಪಿಗಿಂತ ದೊಡ್ಡ ಪಂಪನ್ನು ಇದರಿಂದ ನಿರೀಕ್ಷಿಸಬಾರದು. ಮೋಟಾರಿನ ಆ ಮೊದಲ ಎಳೆತಕ್ಕೆ ಒಳಗಿನ ಎಲೆಕ್ಟ್ರಾನಿಕ್ಸ್ ಓವರ್‌ಲೋಡ್ ದೀಪ ಹಚ್ಚಿ ಕೈ ಎತ್ತುತ್ತದೆ. ಅರ್ಧ ಎಚ್‌ಪಿಯನ್ನೂ ಕೊಳ್ಳುವ ಮುನ್ನ ಹಾಕಿ ನೋಡಿಯೇ ಒಪ್ಪಿಕೊಳ್ಳಿ. ಎರಡು, ಬೆಲೆ. ಅಷ್ಟೇ ಶಕ್ತಿಯ ಮಾಮೂಲಿ ಜನರೇಟರಿಗಿಂತ ಸುಮಾರು ಎರಡು ಪಟ್ಟು ಕೊಡಬೇಕಾಗುತ್ತದೆ, ಒಳಗಿನ ಇನ್ವರ್ಟರ್ ಬೋರ್ಡ್ ಕೆಟ್ಟರೆ ಊರಿನ ಮೆಕ್ಯಾನಿಕ್ ಏನೂ ಮಾಡಲಾರ.

ಖರ್ಚಿನ ಮಾತು ಬಂದಾಗ ಈ ಲೆಕ್ಕವನ್ನೂ ನೋಡಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ (ನಮ್ಮಲ್ಲಿ ಆಗಲೇ ಅದನ್ನು ದಾಟಿದೆ), ಕಾಲು ಲೋಡಿನಲ್ಲಿ ಹುಟ್ಟುವ ಒಂದು ಯೂನಿಟ್‌ಗೆ ನೂರು ರೂಪಾಯಿ, ಪೂರ್ತಿ ಲೋಡಿನಲ್ಲಿ ಅರವತ್ತರ ಮೇಲೆ. ಲೈನ್ ಕರೆಂಟಿನ ಯೂನಿಟ್ ಆರು ರೂಪಾಯಿಯ ಆಸುಪಾಸು. ಇದಕ್ಕಾಗಿಯೇ ಜನರೇಟರನ್ನು ಇಡೀ ದಿನ ಗುರುಗುಟ್ಟಿಸಬಾರದು. ಎರಡು ಮೂರು ಗಂಟೆ ಓಡಿಸಿ, ಆ ಹೊತ್ತಿನಲ್ಲೇ ಫ್ರಿಜ್ಜು, ಮಿಕ್ಸಿ, ಬ್ಯಾಟರಿ ಚಾರ್ಜು ಎಲ್ಲವನ್ನೂ ಒಟ್ಟಿಗೆ ಮುಗಿಸಿಬಿಡಬೇಕು.

ಸೀಮೆಎಣ್ಣೆ, ಗ್ಯಾಸ್, ಡೀಸೆಲ್

ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಜನರೇಟರುಗಳು ಒಂದು ಕಾಲಕ್ಕೆ ಹಳ್ಳಿಯ ಅಂಗಡಿಗಳ ಜೀವಾಳ. ರೇಷನ್ ಸೀಮೆಎಣ್ಣೆ ಸುಲಭಕ್ಕೆ ಸಿಗದ ಈಗ ಅವನ್ನು ಹೊಸದಾಗಿ ಕೊಳ್ಳುವ ಕಾರಣ ಉಳಿದಿಲ್ಲ.

ಗ್ಯಾಸಿನಲ್ಲಿ ಓಡುವುದು ನೋಡಲು ಆಕರ್ಷಕ: ಹೊಗೆ ಕಡಿಮೆ, ಇಂಧನ ಹಳಸುವುದಿಲ್ಲ, ಕಾರ್ಬ್ಯುರೇಟರ್ ಅಂಟಾಗುವುದಿಲ್ಲ. ಆದರೆ ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಜನರೇಟರಿಗೆ ಜೋಡಿಸುವುದು ಕಾನೂನುಬಾಹಿರ. ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರ್ ಬೇಕು. ಹೋಂಸ್ಟೇ ನಡೆಸುವವರ ಬಳಿ ಅದು ಹೇಗೂ ಇರುತ್ತದೆ, ಅವರು ಯೋಚಿಸಬಹುದು.

ಹೋಂಸ್ಟೇಯವರಿಗೆ, ಕಾಫಿ ತೋಟದವರಿಗೆ ಇನ್ನೂ ಸರಿಯಾದದ್ದು ಮುಚ್ಚಿದ ಪೆಟ್ಟಿಗೆಯ 5 ಕೆವಿಎ ಮೇಲಿನ ಡೀಸೆಲ್ ಜನರೇಟರ್. ಟ್ರ್ಯಾಕ್ಟರು, ಟಿಲ್ಲರಿಗೆಂದು ಡೀಸೆಲ್ ಮನೆಯಲ್ಲೇ ಇರುತ್ತದೆ, ಎಂಜಿನ್ ದಿನವಿಡೀ ಓಡಿದರೂ ದಣಿಯದು. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂಬ ಸರ್ಕಾರಿ ನಿಯಮವೂ ಇದೆ. ಆದರೆ ಇದು ಒಂದು ಕಡೆ ಕಟ್ಟೆ ಕಟ್ಟಿ ಕೂರಿಸುವ ವಸ್ತು. ವ್ಯಾನಿನ ವಿಚಾರ ಬಿಟ್ಟುಬಿಡಿ.

ಲಿಥಿಯಂ ಪವರ್ ಸ್ಟೇಷನ್

ಸದ್ದಿಲ್ಲ, ಹೊಗೆಯಿಲ್ಲ, ಮಲಗುವ ಕೋಣೆಯೊಳಗೇ ಇಟ್ಟುಕೊಳ್ಳಬಹುದು. ಒಂದು ಯೂನಿಟ್ ಸಾಮರ್ಥ್ಯದ್ದು ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ. ಬೆಲೆ 60 ಸಾವಿರದಿಂದ ಲಕ್ಷದವರೆಗೆ. ಕೊಳ್ಳುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯದ್ದನ್ನೇ ಕೊಳ್ಳಿ. ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ, ಬೆಂಕಿಯ ಭಯ ಇತರ ಲಿಥಿಯಂ ಬಗೆಗಳಿಗಿಂತ ಕಡಿಮೆ. ಅಮೆರಿಕದಲ್ಲಿರುವ ಮಕ್ಕಳ ಕೈಯಲ್ಲಿ ತರಿಸಿಕೊಳ್ಳುವ ಆಸೆ ಬೇಡ: ಅಲ್ಲಿನದು 120 ವೋಲ್ಟ್ ಕೊಡುತ್ತದೆ, ನಮ್ಮ ಮಿಕ್ಸಿ ಫ್ರಿಜ್ಜಿಗೆ ಆಗದು. 160 ವ್ಯಾಟ್-ಗಂಟೆಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಪ್ರಯಾಣಿಕರು ಒಯ್ಯುವಂತೆಯೂ ಇಲ್ಲ.

ಇದರ ಮಿತಿ ಮಾಮೂಲಿ ಬ್ಯಾಟರಿಯದ್ದೇ: ಖಾಲಿಯಾದರೆ ಖಾಲಿ. ಸೋಲಾರ್ ಪ್ಯಾನಲ್ ಜೊತೆಗಿಟ್ಟುಕೊಂಡರೆ? ಫೆಬ್ರವರಿಯಲ್ಲಿ 100 ವ್ಯಾಟಿನ ಪ್ಯಾನಲ್ ದಿನಕ್ಕೆ 400–500 ವ್ಯಾಟ್-ಗಂಟೆ ಕೊಡುತ್ತದೆ. ಆದರೆ ಜುಲೈ ತಿಂಗಳ ಆಗುಂಬೆ ಸೀಮೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಮತ್ತು ಕರೆಂಟ್ ಹೋಗುವುದು ಸರಿಯಾಗಿ ಆಗಲೇ. ಮಳೆಗಾಲದ ಬ್ಯಾಕಪ್‌ಗೆ ಪ್ಯಾನಲನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಇದರ ನಿಜವಾದ ಬಲ ಗೊತ್ತಾಗುವುದು ಪುಟ್ಟ ಜನರೇಟರಿನ ಜೊತೆ ಸೇರಿದಾಗ. ಮನೆಯ ಆಸಿಡ್ ಬ್ಯಾಟರಿ 12–15 ಆಂಪಿಯರಿನಲ್ಲಷ್ಟೇ ತುಂಬಿಕೊಳ್ಳುತ್ತದೆ, ಅಂದರೆ ಇನ್ನೂರು ಚಿಲ್ಲರೆ ವ್ಯಾಟ್. ತುಂಬಲು ಹತ್ತು ಗಂಟೆ ಬೇಕು. ಅಷ್ಟು ಹೊತ್ತು ಜನರೇಟರ್ ಓಡಿದರೆ ನಾಲ್ಕು ಲೀಟರ್ ಪೆಟ್ರೋಲ್. ವೇಗದ ಚಾರ್ಜರಿರುವ ಪವರ್ ಸ್ಟೇಷನ್ 1,000 ವ್ಯಾಟ್ ಎಳೆದು ಒಂದು ಗಂಟೆ ಚಿಲ್ಲರೆಯಲ್ಲಿ ತುಂಬಿಕೊಳ್ಳುತ್ತದೆ, ಒಂದು ಲೀಟರಿನೊಳಗೆ ಕೆಲಸ ಮುಗಿಯುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಜನರೇಟರ್. ಉಳಿದ ಇಪ್ಪತ್ತೆರಡು ಗಂಟೆ ನಿಶ್ಶಬ್ದ. ಪೆಟ್ರೋಲ್ ಬಂಕ್ ಇಪ್ಪತ್ತು ಕಿಲೋಮೀಟರ್ ದೂರವಿದ್ದು ನಡುವೆ ಮರ ಬಿದ್ದಿರುವ ಊರಿನಲ್ಲಿ ಈ ಮೂರು ಲೀಟರಿನ ವ್ಯತ್ಯಾಸ ಬಹಳ ದೊಡ್ಡದು.

ಈಗಾಗಲೇ ಹಳೆಯ ಇನ್ವರ್ಟರ್ ಇರುವವರು ಜನರೇಟರಿನಿಂದ ಅದನ್ನೇ ಚಾರ್ಜ್ ಮಾಡುವುದಾದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್‌ನಿಂದ ನಾರ್ಮಲ್ ಕಡೆಗೆ ಹಾಕಿ. ಯುಪಿಎಸ್ ಸ್ಥಿತಿಯಲ್ಲಿ ಜನರೇಟರಿನ ತೂಗಾಡುವ ವೋಲ್ಟೇಜನ್ನು ಅದು ಒಪ್ಪದೆ ಬ್ಯಾಟರಿಯಿಂದಲೇ ಓಡುತ್ತಿರುತ್ತದೆ. "ಜನರೇಟರ್ ಹಾಕಿದರೂ ಬ್ಯಾಟರಿ ಏರುತ್ತಿಲ್ಲ" ಎಂಬ ದೂರಿಗೆ ಬಹಳ ಸಲ ಕಾರಣ ಇಷ್ಟೇ.

ವ್ಯಾನಿನ ವಿಚಾರ ಬೇರೆಯೇ

ಕ್ಯಾಂಪರಿನಲ್ಲಿ ದಿನಕ್ಕೆ ಬೇಕಾಗುವುದು ಒಂದು ಯೂನಿಟ್ ಆಸುಪಾಸು. 12 ವೋಲ್ಟಿನ ಪುಟ್ಟ ಕಂಪ್ರೆಸರ್ ಫ್ರಿಜ್ಜೇ ಅದರಲ್ಲಿ ಅರ್ಧ ತಿನ್ನುತ್ತದೆ. ಉಳಿದದ್ದು ದೀಪ, ಫ್ಯಾನು, ಫೋನು, ಲ್ಯಾಪ್‌ಟಾಪ್. ಮತ್ತು ಮನೆಗಿಲ್ಲದ ಒಂದು ಸೌಲಭ್ಯ ವ್ಯಾನಿಗಿದೆ: ಅದು ಓಡುವಾಗ ಅದರ ಆಲ್ಟರ್ನೇಟರೇ ಒಂದು ಜನರೇಟರ್. ಆಲ್ಟರ್ನೇಟರಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ತುಂಬುವ ಡಿಸಿ-ಡಿಸಿ ಚಾರ್ಜರ್ ಒಂದನ್ನು ಹಾಕಿಸಿದರೆ 30 ಆಂಪಿಯರಿನಂತೆ ಗಂಟೆಗೆ 400 ವ್ಯಾಟ್-ಗಂಟೆ ಸಿಗುತ್ತದೆ. ಚಿಕ್ಕಮಗಳೂರಿನಿಂದ ಕಾರವಾರದ ಕಡೆಗೆ ಹೊರಟವರಿಗೆ ಮೂರು ಗಂಟೆಯ ಓಟದಲ್ಲೇ ಮರುದಿನದ ಕರೆಂಟು ತುಂಬಿರುತ್ತದೆ. ಬಿಎಸ್6 ವಾಹನಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರ್ ಏರಿಳಿಸುವುದುಂಟು. ನೇರ ವೈರ್ ಎಳೆದರೆ ಬ್ಯಾಟರಿ ಸರಿಯಾಗಿ ತುಂಬದು, ಹಾಗಾಗಿ ಆ ಚಾರ್ಜರ್ ಬೇಕೇ ಬೇಕು.

ದಿನವೂ ಒಂದಿಷ್ಟು ದೂರ ಓಡುವ ಕ್ಯಾಂಪರಿಗೆ ಜನರೇಟರ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಕ್ಯಾಂಪರ್ ಆಗುವ ಟೆಂಪೊ ಟ್ರಾವೆಲರಿನಂಥ ಗಾಡಿಗಳು ಹೆಚ್ಚಿನವು ಡೀಸೆಲ್. ಜನರೇಟರಿಗೆ ಪೆಟ್ರೋಲನ್ನು ಬೇರೆ ಕ್ಯಾನಿನಲ್ಲಿ, ಮಲಗುವ ಜಾಗದ ಪಕ್ಕದಲ್ಲಿ ಒಯ್ಯಬೇಕಾಗುತ್ತದೆ. ಹಕ್ಕಿಯ ಸದ್ದು ಕೇಳಲೆಂದು ಹೋದ ಜಾಗದಲ್ಲಿ ಎಂಜಿನ್ ಗುರುಗುಡಿಸುವುದು ಪಕ್ಕದ ಟೆಂಟಿನವರಿಗೂ ಅನ್ಯಾಯ.

ಒಂದೇ ಜಾಗದಲ್ಲಿ ನಾಲ್ಕೈದು ದಿನ ನಿಲ್ಲುವವರಿಗೆ, ಅಥವಾ ಎಸಿ ಬೇಕೇ ಬೇಕೆನ್ನುವವರಿಗೆ ಲೆಕ್ಕ ಬದಲಾಗುತ್ತದೆ. ರಾತ್ರಿಯಿಡೀ ಎಸಿಗೆ ನಾಲ್ಕರಿಂದ ಆರು ಯೂನಿಟ್ ಬೇಕು. ಅಷ್ಟು ಲಿಥಿಯಂ ಹೊರುವುದು ದುಬಾರಿ. ಹಾಗೆಂದು ಮಲಗಿರುವಾಗ ಪಕ್ಕದಲ್ಲಿ ಜನರೇಟರ್ ಓಡಿಸುವುದನ್ನು ನಾನು ಯಾರಿಗೂ ಹೇಳಲಾರೆ. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಗೆ ಹೋಂಸ್ಟೇ ಒಂದರ ಅಂಗಳದಲ್ಲಿ ಗಾಡಿ ನಿಲ್ಲಿಸಿ, ದುಡ್ಡು ಕೊಟ್ಟು ಪ್ಲಗ್ ಹಾಕಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ, ಸುಖ.

ಲಡಾಖ್ ಕಡೆ ಹೊರಟವರಿಗೆ ಎರಡು ಮಾತು. ಎತ್ತರ ಏರಿದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಜನರೇಟರಿನ ಶಕ್ತಿ ಸುಮಾರು ಮೂರೂವರೆ ಶೇಕಡಾ ಕುಗ್ಗುತ್ತದೆ. ಮಡಿಕೇರಿಯಲ್ಲಿ ಇದು ಶೇಕಡಾ 13ರಷ್ಟು, ಗಮನಕ್ಕೆ ಬಾರದೆಯೂ ಹೋದೀತು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಶೇಕಡಾ 40! ಲಿಥಿಯಂ ಫಾಸ್ಫೇಟ್ ಬ್ಯಾಟರಿಗೂ ಅಲ್ಲಿ ಕಷ್ಟವಿದೆ: ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಬೆಚ್ಚಗಿನ ಕ್ಯಾಬಿನ್ನಿನೊಳಗೇ ಇಡಬೇಕು.

ಜೀವದ ಪ್ರಶ್ನೆ

ಜೋರು ಮಳೆ ಬರುವಾಗ ಎಲ್ಲರಿಗೂ ಹೊಳೆಯುವುದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ಎಳೆದುಕೊಳ್ಳುವುದು. ದಯವಿಟ್ಟು ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕಿಟಕಿ ಬಾಗಿಲುಗಳಿಂದ ಕನಿಷ್ಠ ಆರು ಮೀಟರ್ ದೂರ, ಹೊಗೆಯ ಕೊಳವೆ ಮನೆಗೆ ಬೆನ್ನು ಹಾಕಿ. ಮಳೆಗೆ ನಾಲ್ಕು ಗೂಟ ನೆಟ್ಟು ತಗಡಿನ ಮಾಡು ಹಾಕಿ, ಸುತ್ತ ತೆರೆದೇ ಇರಲಿ. ವ್ಯಾನಿನೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಜನರೇಟರ್ ಒಯ್ಯಲೇಬೇಡಿ.

ಇನ್ನೊಂದು, ಮನೆಯ ಪ್ಲಗ್ಗಿಗೆ ಎರಡೂ ಕಡೆ ಪಿನ್ ಇರುವ ವೈರ್ ಚುಚ್ಚಿ ಜನರೇಟರ್ ಕರೆಂಟ್ ಹರಿಸುವುದು. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟು ಹಿಂದಕ್ಕೆ ಹರಿದು, ಟಿಸಿಯಲ್ಲಿ ಹೈ ವೋಲ್ಟೇಜ್ ಆಗಿ, ನಿಮ್ಮದೇ ಲೈನ್ ಸರಿಮಾಡಲು ಕಂಬ ಹತ್ತಿದವನನ್ನು ಕೊಲ್ಲಬಹುದು. ಲೈನ್, ಜನರೇಟರ್ ಎರಡರಲ್ಲಿ ಒಂದಕ್ಕೆ ಮಾತ್ರ ಮನೆಯನ್ನು ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿದ ಮೇಲಷ್ಟೇ ಮನೆಯ ವೈರಿಂಗಿಗೆ ಜನರೇಟರ್ ಜೋಡಿಸಿ. ಅಲ್ಲಿಯವರೆಗೆ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ನಡೆಸಿ.

ಪೆಟ್ರೋಲ್ ಕೂಡಿಡುವುದಕ್ಕೆ ಕಾನೂನಿನ ಮಿತಿ 30 ಲೀಟರ್, ಅದೂ ಭದ್ರ ಮುಚ್ಚಳದ ಲೋಹದ ಕ್ಯಾನಿನಲ್ಲಿ. ಆದರೆ ಅಷ್ಟನ್ನೂ ತಿಂಗಳುಗಟ್ಟಲೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ಕಳೆದ ವರ್ಷದ ಪೆಟ್ರೋಲ್ ಉಳಿದಿರುವ ಜನರೇಟರಿನ ಕಾರ್ಬ್ಯುರೇಟರ್ ಬಿಚ್ಚಿದರೆ, ತಳದ ಬಟ್ಟಲಿನಲ್ಲಿ ನೀರಿನ ಹನಿಗಳು ಗುಂಡಗೆ ಕೂತಿರುತ್ತವೆ, ಸೂಜಿಯ ಮೊನೆಯಷ್ಟಿರುವ ಜೆಟ್ಟಿನ ತೂತು ಕಂದು ಅಂಟಿನಿಂದ ಮುಚ್ಚಿರುತ್ತದೆ. ಹಗ್ಗ ಎಷ್ಟು ಎಳೆದರೂ ಎಂಜಿನ್ ಹಿಡಿಯದಿರುವುದಕ್ಕೆ ಬಹುತೇಕ ಇದೇ ಕಾರಣ. ನಿಲ್ಲಿಸುವಾಗ ಸ್ವಿಚ್ಚಿನಿಂದ ನಿಲ್ಲಿಸದೆ, ಪೆಟ್ರೋಲ್ ನಾಬ್ ಬಂದ್ ಮಾಡಿ ಅದು ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ, ಬಟ್ಟಲು ಖಾಲಿಯಾಗುತ್ತದೆ. ತಿಂಗಳಿಗೊಮ್ಮೆ ಲೋಡ್ ಹಾಕಿ ಕಾಲು ಗಂಟೆ ಓಡಿಸಿ. ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಬೇಕು. ಅರ್ಧ ಲೀಟರ್ ಆಸುಪಾಸಷ್ಟೇ ಹಿಡಿಯುತ್ತದೆ, ಜಿಪುಣತನ ಬೇಡ.

ಹಾಗಾದರೆ ಯಾರಿಗೆ ಯಾವುದು?

25–30 ಸಾವಿರದೊಳಗೆ ಮುಗಿಯಬೇಕು, ಕರೆಂಟ್ ಹೋದರೂ ಒಂದು ದಿನದೊಳಗೆ ಬರುತ್ತದೆ ಎಂದರೆ ಮಾಮೂಲಿ ಇನ್ವರ್ಟರ್, ಜೊತೆಗೆ ಹಳೆಯ ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು. ಹಾಗೆ ಉಳಿಸಿದ ವ್ಯಾಟು, ಇನ್ನೊಂದು ಬ್ಯಾಟರಿ ಕೊಂಡಿದ್ದಕ್ಕಿಂತ ಅಗ್ಗ.

ದಿನಗಟ್ಟಲೆ ಕರೆಂಟಿಲ್ಲದ ಊರು, ಒಂದು ಎಚ್‌ಪಿ ಪಂಪು ಓಡಲೇಬೇಕು, ದುಡ್ಡು ಬಿಗಿ ಎನ್ನುವವರಿಗೆ ತೆರೆದ ಚೌಕಟ್ಟಿನ 3.5 ಕೆವಿಎ. ದಿನಕ್ಕೊಮ್ಮೆ ಟ್ಯಾಂಕಿಗೆ ನೀರು ಏರಿಸಿ, ಆ ಹೊತ್ತಿನಲ್ಲೇ ಇನ್ವರ್ಟರ್ ಬ್ಯಾಟರಿಗೂ ಚಾರ್ಜ್ ಕೊಡಿ. ವ್ಯಾನಿಗೆ ಇದನ್ನು ಹೊರುವ ಯೋಚನೆ ಬಿಡಿ.

ನೀರಿನ ಚಿಂತೆ ಇಲ್ಲ, ಮನೆಯಲ್ಲಿ ಲ್ಯಾಪ್‌ಟಾಪ್ ಕೆಲಸ ನಡೆಯಬೇಕು, ವರ್ಷಕ್ಕೆ ಕೆಲವು ಸಲ ವ್ಯಾನಿನಲ್ಲೂ ಒಯ್ಯಬೇಕು ಎನ್ನುವವರಿಗೆ 2 ಕೆವಿಎ ವರ್ಗದ ಇನ್ವರ್ಟರ್ ಜನರೇಟರ್. ಶೀರ್ಷಿಕೆಯ ಪ್ರಶ್ನೆಗೆ ಹೌದು ಎನ್ನಬಹುದಾದವರು ಇವರೊಬ್ಬರೇ. ವ್ಯಾನೇ ಮುಖ್ಯ, ಮನೆ ಪಟ್ಟಣದಲ್ಲಿದೆ ಎನ್ನುವವರು ಪವರ್ ಸ್ಟೇಷನ್ ಮತ್ತು ಡಿಸಿ-ಡಿಸಿ ಚಾರ್ಜರ್ ತೆಗೆದುಕೊಳ್ಳಲಿ. ಊರಿಗೆ ಬಂದಾಗ ಅದೇ ಮನೆಯೊಳಗೂ ಬರುತ್ತದೆ. ಒಂದೂವರೆ-ಎರಡು ಲಕ್ಷ ಹಾಕಬಲ್ಲವರಿಗೆ ಪುಟ್ಟ ಇನ್ವರ್ಟರ್ ಜನರೇಟರ್ ಮತ್ತು ಒಂದು ಯೂನಿಟ್ಟಿನ ಪವರ್ ಸ್ಟೇಷನ್ ಜೋಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿರುವ ಹಿರಿಯರಿದ್ದರೆ ಮಾತ್ರ ಈ ಯಾವ ಉಳಿತಾಯದ ಲೆಕ್ಕವೂ ಬೇಡ. ಅದು 300 ವ್ಯಾಟಿಗಿಂತ ಹೆಚ್ಚು ಎಳೆಯುತ್ತದೆ, ನಿಲ್ಲುವಂತಿಲ್ಲ. ಬ್ಯಾಟರಿಯೂ ಬೇಕು, ಎಂಜಿನ್ನೂ ಬೇಕು, ಜೊತೆಗೊಂದು ತುಂಬಿದ ಸಿಲಿಂಡರೂ ಇರಬೇಕು.

ಕೊನೆಗೆ ಅಂಗಡಿಯಲ್ಲಿ: ಜನರೇಟರಿಗೆ ಆಯಿಲ್, ಪೆಟ್ರೋಲ್ ಹಾಕಿಸಿ, ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಜೋಡಿಸಿ ಹತ್ತು ನಿಮಿಷ ಓಡಿಸಲು ಹೇಳಿ, ಮಲ್ಟಿಮೀಟರ್ ಹಿಡಿದು ವೋಲ್ಟೇಜ್ 230ರ ಆಸುಪಾಸಿನಲ್ಲಿ ನಿಲ್ಲುತ್ತದೆಯೇ ನೋಡಿ. ಹಗ್ಗವನ್ನು ನೀವೇ ಎಳೆಯಿರಿ. ಮನೆಯಲ್ಲಿ ಅಮ್ಮ ಒಬ್ಬರೇ ಇರುವ ದಿನ ಅದನ್ನು ಅವರೇ ಎಳೆಯಬೇಕಾದೀತು. ಆಗದು ಎನ್ನಿಸಿದರೆ ಸೆಲ್ಫ್ ಸ್ಟಾರ್ಟ್ ಇರುವುದನ್ನು ನೋಡಿ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಎಳೆಯುವ ಹಗ್ಗ, ಕಾರ್ಬ್ಯುರೇಟರ್ ಕಿಟ್ ಇವು ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತವೆಯೇ, ಸರ್ವಿಸ್‌ಗೆ ಶಿವಮೊಗ್ಗಕ್ಕೋ ಮಂಗಳೂರಿಗೋ ಹೊರಬೇಕೇ ಎಂದು ಕೇಳಿ. ಲೋಡ್ ಹಾಕಿ ತೋರಿಸಲು ಒಪ್ಪದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.